ಎರಡು ಬಟ್ಟಲು, ಒಂದು ಬ್ರಷ್

ನಾನು ಪೇಂಟರ್. ಇಪ್ಪತ್ತು ವರ್ಷದಿಂದ ಕಂಡವರ ಮನೆಯ ಗೋಡೆಗಳಿಗೆ ಬಣ್ಣ ಬಳಿದು ಹೊಟ್ಟೆ ಹೊರೆಯುತ್ತಿದ್ದೇನೆ. ಆ ಶನಿವಾರ ನನ್ನ ಅಡುಗೆಮನೆಗೆ ಯಾರಾದರೂ ಇಣುಕಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಬಟ್ಟಲು, ತಟ್ಟೆ, ಚಾಕು, ಎಲ್ಲದಕ್ಕೂ ಗೋಡೆಯ ಅಂಚಿಗೆ ಅಂಟಿಸುವ ಕಾಗದದ ಟೇಪು ಹಚ್ಚಿ, ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ: ‘ಜೀರಿಗೆಗೆ’, ‘ದೊಡ್ಡವರಿಗೆ’.

ಜೀರಿಗೆ ಎಂದರೆ ನನ್ನ ಮಗಳು. ಒಂಬತ್ತು ವರ್ಷ, ಆಳು ಚಿಕ್ಕದು, ಘಾಟು ಜಾಸ್ತಿ. ಅವಳಿಗೆ ಹಾಲು ಆಗುವುದಿಲ್ಲ. ಹಾಲು, ಮೊಸರು, ಬೆಣ್ಣೆ, ಚೀಸ್, ಯಾವುದೂ ಆಗುವುದಿಲ್ಲ. ಹೊಟ್ಟೆ ಕೆಡುವ ಮಾತಲ್ಲ ಇದು; ಗಂಟಲು ಊದಿ ಉಸಿರು ಕಟ್ಟುತ್ತದೆ. ಮೂರು ವರ್ಷದ ಹಿಂದೆ ನಾನು, ಒಂದು ಬಿಸ್ಕತ್ತಿಗೆ ಏನಾದೀತು ಎಂದು ಕೊಟ್ಟುಬಿಟ್ಟೆ. ತುಟಿ ಊದಿದಾಗ ಸೊಳ್ಳೆ ಕಚ್ಚಿರಬೇಕು ಎಂದೆ. ಬಿಸ್ಕತ್ತಿನ ವಿಷಯ ನನ್ನ ಬಾಯಿಂದ ಹೊರಬೀಳುವಷ್ಟರಲ್ಲಿ ಮಗು ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿತ್ತು. ಅವಳ ಅಮ್ಮ ನನ್ನನ್ನು ಬಿಟ್ಟದ್ದು ಬಿಸ್ಕತ್ತಿಗಲ್ಲ, ಆ ಸೊಳ್ಳೆಗೆ.

ಅಂದಿನಿಂದ ಮಗಳನ್ನು ನಾನು ಕಂಡದ್ದೆಲ್ಲ ಅವಳ ಅಮ್ಮನ ಮನೆಯ ಪಡಸಾಲೆಯಲ್ಲಿ, ಅವಳ ಅಮ್ಮನ ಕಣ್ಣೆದುರಿಗೆ. ಇಡೀ ದಿನ ನನ್ನ ಮನೆಗೆ ಬಿಟ್ಟದ್ದು ಇದೇ ಮೊದಲು. ಇವತ್ತು ಸುಸೂತ್ರವಾಗಿ ಕಳೆದರೆ ಬೇಸಿಗೆ ರಜೆಯಲ್ಲಿ ಎರಡು ವಾರ ಕಳಿಸುತ್ತೇನೆ ಎಂದಿದ್ದಳು. ಅವಳು ಒಮ್ಮೆ ಹೇಳಿದರೆ ಮುಗಿಯಿತು, ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ.

ಮೆಕ್ಸಿಕೋದಲ್ಲಿ ಬೀದಿ ಬದಿಯಲ್ಲಿ ಮಾರುತ್ತಾರಂತೆ, ಅಂಥ ಸುಟ್ಟ ಜೋಳ ಬೇಕು ಎಂದು ಮಗಳು ಯಾವುದೋ ವಿಡಿಯೋ ನೋಡಿ ಹಠ ಹಿಡಿದಿದ್ದಳು. ಕೆಂಡದ ಮೇಲೆ ಸುಟ್ಟ ತೆನೆಗೆ, ಮೊಟ್ಟೆ ಎಣ್ಣೆ ಕಡೆದು ಮಾಡಿದ ಮೇಯೊನೇಸ್ ಮತ್ತು ಹುಳಿ ಕ್ರೀಮ್ ಕಲಸಿ ಬಳಿಯಬೇಕು, ಮೇಲೆ ಉಪ್ಪುಪ್ಪಾದ ಚೀಸ್ ಪುಡಿ ಉದುರಿಸಬೇಕು, ಖಾರದಪುಡಿ ಹಾಕಿ ನಿಂಬೆ ಹಿಂಡಬೇಕು. ಅವಳ ಪಾಲಿಗೆ ಕ್ರೀಮ್ ಇಲ್ಲದ ಬರೀ ಮೇಯೊನೇಸ್, ಚೀಸ್ ಬದಲು ಹುರಿದ ಗೋಡಂಬಿಯ ಪುಡಿ. ಡಬ್ಬಿಯ ಹಿಂದಿನ ಇಂಗ್ಲಿಷಿನ ಸಣ್ಣಕ್ಷರಗಳನ್ನು ಅಂಗಡಿಯಲ್ಲೇ ಮೂರು ಸಲ ಓದಿಸಿಕೊಂಡು ತಂದಿದ್ದೆ.

ಹಾಗಾದರೆ ಕ್ರೀಮು, ಚೀಸು ಮನೆಗೆ ಏಕೆ ಬಂತು ಎಂದು ಕೇಳುತ್ತೀರಿ. ನನ್ನ ಆಸೆಬುರುಕತನಕ್ಕೆ ಬಂತು. ಐದು ಗಂಟೆಗೆ ಅವಳ ಅಮ್ಮ ಕರೆದೊಯ್ಯಲು ಬರುತ್ತಾಳೆ. ಬಾಗಿಲಲ್ಲೇ ನಿಲ್ಲಿಸದೆ ಒಳಗೆ ಕೂರಿಸಿ, ಅವಳಿಗೊಂದು ತೆನೆ ಕೊಡಬೇಕು ಎಂದು ಲೆಕ್ಕ ಹಾಕಿದ್ದೆ. ಮದುವೆಯಾದ ಹೊಸತರಲ್ಲಿ ಚೀಸ್ ಎಂದರೆ ಪ್ರಾಣ ಬಿಡುತ್ತಿದ್ದಳು. ತೆನೆಯ ಜೊತೆಗೆ ಹಾಲಿಲ್ಲದ ಟೀ. ಮಗಳು ಹುಟ್ಟಿದ ಮೇಲೆ ಅವಳಿಗೆ ಹತ್ತಿದ ಹುಚ್ಚು ಅದು. ಮೈ ಇಳಿಸುವ ಚಪಲ ಎಂದು ನಾನು ಛೇಡಿಸುತ್ತಿದ್ದೆ.

ಹಿಂದಿನ ಜಗಲಿಯಲ್ಲಿ ಎರಡು ಸಾಲು ಇಟ್ಟಿಗೆ ಇಟ್ಟು, ಮೇಲೆ ಕಬ್ಬಿಣದ ಜಾಲರಿ ಹಾಸಿ ಕೆಂಡ ಮಾಡಿದೆ. ಜೀರಿಗೆ ತೆನೆಯ ಸಿಪ್ಪೆ ಸುಲಿದು, ಎಳೆಗಳನ್ನೆಲ್ಲ ಕಿತ್ತು ಮೀಸೆಯಂತೆ ಮೂಗಿನ ಕೆಳಗೆ ಅಂಟಿಸಿಕೊಂಡು ಓಡಾಡಿದಳು. ಜೋಳದ ಕಾಳು ಚಟಚಟ ಎನ್ನತೊಡಗಿತು.

“ಅಪ್ಪಾ, ನನ್ನ ಜೋಳ ಯಾವುದು?”

“ಎಡಗಡೆ ಮೂಲೇದು. ನಡುವೆ ಇಟ್ಟಿಗೆ ಇಟ್ಟಿದೀನಿ ನೋಡು, ಗಡಿ.”

“ಕೈ ತೊಳ್ಕೊಂಡ್ಯಾ?”

“ನಾಲ್ಕು ಸಲ ತೊಳ್ದೆ, ಇನ್ಸ್‌ಪೆಕ್ಟರಮ್ಮ. ಚರ್ಮ ಸುಲಿದು ಬಂದೀತು ಈಗ.”

ಅವಳು ನಕ್ಕಳು. ನನ್ನ ಮನೆಯಲ್ಲಿ ನನ್ನ ಮಗಳು ನಕ್ಕದ್ದು ಮೂರು ವರ್ಷದ ಮೇಲೆ. ಖುಷಿಗೆ ನನ್ನ ತಲೆ ನೆಟ್ಟಗಿರಲಿಲ್ಲ.

ಬಳಿಯಲು ಒಂದೂವರೆ ಇಂಚಿನ ಹೊಚ್ಚ ಹೊಸ ಬ್ರಷ್ ಇಟ್ಟುಕೊಂಡಿದ್ದೆ. ದೊಡ್ಡವರ ತೆನೆ ಮೊದಲು ಬೆಂದಿತು. ಕ್ರೀಮಿನ ಬಟ್ಟಲಿಗೆ ಬ್ರಷ್ ಅದ್ದಿ, ತಿರುಗಿಸಿ ತಿರುಗಿಸಿ ಬಳಿದೆ. ಅಷ್ಟರಲ್ಲಿ ಫೋನು. “ಕೆಲಸ ಬೇಗ ಮುಗೀತು, ಹತ್ತು ನಿಮಿಷದಲ್ಲಿ ಅಲ್ಲಿರ್ತೀನಿ,” ಎಂದಳು ಅವಳ ಅಮ್ಮ. ನನಗೆ ಗಡಿಬಿಡಿಯಾಯಿತು. ಅವಳು ಬರುವಾಗ ಮಗಳು ಕೂತು ಚಪ್ಪರಿಸುತ್ತಿರಬೇಕು ಎಂಬುದು ನನ್ನ ಹಂಚಿಕೆ. ಮಗಳ ತೆನೆ ತೆಗೆದು, ಬಳಿದು, ಗೋಡಂಬಿ ಪುಡಿ ಉದುರಿಸಿ ಕೈಗೆ ಕೊಟ್ಟೆ. “ಊದ್ಕೊಂಡು ತಿನ್ನು,” ಎಂದೆ. ಬ್ರಷ್ಷನ್ನು ಅಭ್ಯಾಸದಂತೆ ಬಟ್ಟಲಿನ ಬಾಯಿಗೆ ಅಡ್ಡ ಮಲಗಿಸಿ ಕೈ ಒರೆಸಿಕೊಂಡು ತಿರುಗಿ ನೋಡಿದೆ.

ಎರಡು ಬಟ್ಟಲು. ಒಂದು ಬ್ರಷ್.

ಬಣ್ಣ ಬದಲಾದರೆ ಮಾತ್ರ ಬ್ರಷ್ ಬದಲಿಸಬೇಕು ಎಂದು ನನಗೆ ಹದಿನಾರಾಗಿದ್ದಾಗ ನನ್ನ ಗುರು ತಲೆಗೆ ಮೊಟಕಿ ಕಲಿಸಿದ್ದ. ಬಿಳಿಯಿಂದ ಬಿಳಿಗೆ ಹೋಗುವಾಗ ಡಬ್ಬದ ಅಂಚಿಗೆ ಒರೆಸಿ ಅದ್ದಿದರೆ ಸಾಕು. ಎರಡು ಬಟ್ಟಲಲ್ಲಿದ್ದದ್ದೂ ಬಿಳಿ. ನನ್ನ ಕೈ ನನ್ನನ್ನು ಕೇಳಲೇ ಇಲ್ಲ, ಅಂಚಿಗೆ ಒರೆಸಿತು, ಅದ್ದಿತು, ಬಳಿಯಿತು.

“ಉಗಿ!” ಎಂದು ಅರಚಿದೆ. “ಉಗಿಯೇ, ಉಗಿ!”

ಅವಳು ಉಗಿದಳು. ಆದರೆ ತೆನೆಯಲ್ಲಿ ಎರಡು ಕಡಿತದ ಗುರುತಿತ್ತು, ಉಗಿದದ್ದು ಒಂದೇ. ಅವಳಿಗೆ ಬಾಯಿ ಮುಕ್ಕಳಿಸಲು ನೀರು ಕೊಟ್ಟೆ, ಮುಖ ತೊಳೆದೆ, ಅವಳ ಚೀಲದಿಂದ ಅಮ್ಮ ಬರೆದಿಟ್ಟ ಹಾಳೆ ತೆಗೆದೆ. ತುಟಿ ಮಾತ್ರ ಊದಿದರೆ ಸಿರಪ್ಪು. ಕೆಮ್ಮು ಬಂದರೆ, ಉಸಿರು ಎಳೆದರೆ ತೊಡೆಗೆ ಇಂಜೆಕ್ಷನ್ ಪೆನ್ನು. ಎರಡರಲ್ಲಿ ಯಾವುದೇ ಆಗಲಿ, ಮೊದಲು ನನಗೆ ತಿಳಿಸು ಎಂದು ಕೆಳಗೆ ಎರಡು ಗೆರೆ ಎಳೆದಿದ್ದಳು. ಸಿರಪ್ಪು ಕುಡಿಸಿದೆ. ಫೋನು ಕೈಗೆತ್ತಿಕೊಂಡೆ. ಒತ್ತಲಿಲ್ಲ.

ಕೆಳತುಟಿಯ ಬಲಗಡೆ ಚೂರೇ ಚೂರು ದಪ್ಪಗಾಗಿತ್ತು. ಗೊತ್ತಿಲ್ಲದವರಿಗೆ ಕಾಣುವಂಥದ್ದಲ್ಲ.

“ಅಪ್ಪಾ,” ಎಂದಳು ಜೀರಿಗೆ ಪಿಸುದನಿಯಲ್ಲಿ. “ಅಮ್ಮಂಗೆ ಹೇಳ್ಬೇಡ. ಹೇಳಿದ್ರೆ ರಜಕ್ಕೆ ಕಳಿಸಲ್ಲ.”

“ಗಂಟಲು ಹೇಗಿದೆ?”

“ಏನಿಲ್ಲ. ಬಿಸಿ ಜೋಳ ತಗುಲ್ತು ಅಂತ ಹೇಳ್ತೀನಿ ನಾನು.”

ಎಷ್ಟು ಸಲೀಸಾಗಿ ಬಂತು ನೋಡಿ ಆ ಮಾತು! ನನ್ನ ಸೊಳ್ಳೆಯ ಅಕ್ಕ ಅದು. ನನ್ನ ಮಗಳೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೇಳಬಾರದು ಎಂದು ನನಗೂ ಆಸೆಯಾಯಿತು, ಸುಳ್ಳೇಕೆ. ಸಿರಪ್ಪು ಹೋಗಿದೆ, ತುಟಿ ಇಳಿಯುತ್ತದೆ, ಎರಡು ವಾರ ಉಳಿಯುತ್ತದೆ. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲವರೆಗಿನ ಎಂಟು ಹೆಜ್ಜೆಯಲ್ಲಿ ನಾನು ಹೇಳುವುದಿಲ್ಲ ಎಂದು ಒಂದು ಸಲ, ಹೇಳುತ್ತೇನೆ ಎಂದು ಒಂದು ಸಲ ನಿರ್ಧರಿಸಿದೆ.

ಬಾಗಿಲು ತೆಗೆದೆ. ಅವಳು ನಗುತ್ತಿದ್ದಳು.

“ಕ್ರೀಮ್ ಅದ್ದಿದ ಬ್ರಷ್ಷಲ್ಲೇ ಅವಳದ್ದಕ್ಕೂ ಬಳಿದುಬಿಟ್ಟೆ,” ಎಂದೆ. “ಒಂದು ತುತ್ತು ಒಳಗೆ ಹೋಗಿದೆ. ಎಂಟು ನಿಮಿಷ ಆಯ್ತು. ತುಟಿ ಊದಿದೆ. ಸಿರಪ್ ಕೊಟ್ಟೆ. ನಿನಗೆ ಫೋನ್ ಮಾಡ್ಬೇಕಿತ್ತು, ಮಾಡ್ಲಿಲ್ಲ.”

ನಗು ಹಾಗೇ ನಿಂತಿತು. ನನ್ನನ್ನು ತಳ್ಳಿಕೊಂಡು ಒಳಗೆ ಹೋದಳು. ಜೀರಿಗೆ ನನ್ನನ್ನು ಕೆಂಗಣ್ಣಿನಿಂದ ನೋಡಿ ಏನೋ ಬೈಯಲು ಬಾಯಿ ತೆರೆದಳು, ಬಂದದ್ದು ಕೆಮ್ಮು. ಒಣ, ಗೀರುವ ಕೆಮ್ಮು. ಎರಡನೇ ಸಲ ಕೆಮ್ಮುವಷ್ಟರಲ್ಲಿ ಅಮ್ಮನ ಕೈಯಲ್ಲಿ ಪೆನ್ನಿತ್ತು. ತೊಡೆಗೆ ಒತ್ತಿ ಹಿಡಿದು, “ಕಾಲು ಗಟ್ಟಿ ಹಿಡ್ಕೋ!” ಎಂದು ನನಗೆ ಗದರಿದಳು. ನಾನು ಹಿಡಿದುಕೊಂಡೆ. ಅವಳು ಹತ್ತರವರೆಗೆ ಜೋರಾಗಿ ಎಣಿಸಿದಳು.

ಆಸ್ಪತ್ರೆಯಲ್ಲಿ ಉಸಿರು ಸರಿಹೋಯಿತು. ಡಾಕ್ಟರು, “ಏನು ಹೊಟ್ಟೆಗೆ ಹೋಗಿದೆ ಅಂತ ಗೊತ್ತಿದ್ದದ್ದು ಒಳ್ಳೇದಾಯ್ತು, ಇಂಜೆಕ್ಷನ್ ತಡ ಆಗ್ಲಿಲ್ಲ,” ಎಂದು, ನಾಲ್ಕು ಗಂಟೆ ಇಲ್ಲೇ ಇರಲಿ ಎಂದರು. ಜೀರಿಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನನ್ನ ಜೊತೆ ಮಾತು ಟೂ.

“ರಜಕ್ಕೆ ಆಗಲ್ಲ,” ಎಂದಳು ಅವಳ ಅಮ್ಮ ಬೆಂಚಿನ ಮೇಲೆ.

“ಗೊತ್ತು,” ಎಂದೆ.

“ಈ ಸಲ ನೀನು ಬಾಗಿಲಲ್ಲೇ ಹೇಳ್ದೆ,” ಎಂದಳು. ಆಮೇಲೆ, “ಶನಿವಾರ ಶನಿವಾರ ಬರ್ಲಿ. ಬೆಳಿಗ್ಗೆಯಿಂದ ಸಂಜೆವರೆಗೆ. ಆದ್ರೆ ಕ್ರೀಮು ಯಾಕೆ ತಂದೆ ಮನೆಗೆ? ಯಾರಿಗೆ?”

“ನಿನಗೆ. ಚೀಸ್ ಅಂದ್ರೆ ನಿನಗೆ ಇಷ್ಟ ಅಲ್ವಾ?”

ಅವಳು ನನ್ನನ್ನು ನೋಡಿದಳು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಇವಳಿಗೆ ಆಗಲ್ಲ ಅಂತ ಗೊತ್ತಾದ ದಿನದಿಂದ ನಾನು ಹಾಲಿನದ್ದು ಏನೂ ಮುಟ್ಟಿಲ್ಲ. ಎಂಟು ವರ್ಷ ಆಯ್ತು. ಮುತ್ತು ಕೊಡೋ ಬಾಯಿ ಇದು.”

ಎಂಟರಲ್ಲಿ ಐದು ವರ್ಷ ನಾನು ಅದೇ ಮೇಜಿನಲ್ಲಿ, ಅವಳ ಎದುರಿಗೇ ಕೂತು ಉಂಡಿದ್ದೆ.

ಮನೆಗೆ ಬಂದು ಕ್ರೀಮು, ಚೀಸು, ಫ್ರಿಜ್ಜಿನಲ್ಲಿದ್ದ ನನ್ನ ಹಾಲಿನ ಪ್ಯಾಕೆಟ್ಟು, ಎಲ್ಲವನ್ನೂ ತೆಗೆದು ಹೊರಗೆ ಹಾಕಿದೆ. ಆಮೇಲೆ ಟೀ ಮಾಡಿಕೊಂಡು ಕುಡಿದೆ. ಹಾಲಿಲ್ಲದ ಟೀ ಬಹಳ ಕಹಿ. ಇದನ್ನು ಕುಡಿಯುತ್ತಿದ್ದವಳನ್ನು ನಾನು ಐದು ವರ್ಷ ಗೇಲಿ ಮಾಡಿದ್ದೆ, ಅವಳೂ ಜೊತೆಗೆ ನಕ್ಕಿದ್ದಳು.