ಸರ್ಕಾರವನ್ನೇ ಕರಕೊಂಡು ಹೋಗು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮೂವತ್ತೊಂದನೆಯ ಇಸವಿಯಲ್ಲಿ ಲೋಕಕ್ಕೆಲ್ಲ ಮುಗ್ಗಟ್ಟು ಬಂದು ಸರ್ಕಾರದ ಬೊಕ್ಕಸ ಬತ್ತಿತಂತೆ, ಅದಕ್ಕೆ ಬುಕ್ಕಾಪಟ್ಟಣದ ಸರ್ಕಾರಿ ಸೂಲಗಿತ್ತಿ ಚನ್ನಮಲ್ಲಮ್ಮನ, ಅಂದರೆ ನನ್ನ, ಕೆಲಸ ತೆಗೆದರು! ಸಾಹೇಬರ ಮೋಟಾರಿಗೆ ಪೆಟ್ರೋಲು ನಿಲ್ಲಲಿಲ್ಲ. ಬಂಗಲೆಗೆ ಸುಣ್ಣಬಣ್ಣವೂ ನಿಲ್ಲಲಿಲ್ಲ. ಅವರ ಮನೆ ಹಾಳಾಗ!

ಆಸ್ಪತ್ರೆಯ ಗುಮಾಸ್ತ ನಂದೀಶ್ವರಯ್ಯ ಬಂದು ನನ್ನ ಕತ್ತರಿ, ಔಷಧಿ ಸೀಸೆಗಳಿದ್ದ ಚೀಲ ಕಸಿದುಕೊಂಡ.

"ಬೇಜಾರು ಮಾಡ್ಕಬೇಡಿ ಚನ್ನಮಲ್ಲಮ್ನೋರೆ. ಹೆರೋರು ಹೆಂಗಿದ್ರೂ ಹೆರ್ತಾರೆ, ನೀವಿದ್ರೇನು, ಇಲ್ದಿದ್ರೇನು?" ಅಂದ.

ಹನ್ನೊಂದು ವರ್ಷ ಕಾರೇಮುಳ್ಳಿನ ದಾರಿ ಸವೆಸಿದವಳಿಗೆ ಈ ಮಾತು! ನಾನಿಲ್ಲದೆ ಅದು ಹೆಂಗೆ ಹೆರುತ್ತಾರೋ ನೋಡೇಬಿಡೋಣ ಅಂದುಕೊಂಡೆ.

ನಾಲ್ಕನೆಯ ದಿನ ಮಧ್ಯಾಹ್ನ ಗೊಲ್ಲರಹಟ್ಟಿಯ ಮಾರಣ್ಣ ಏದುಸಿರು ಬಿಡುತ್ತ ಬಂದ. ಅವನ ಹೆಂಡತಿ ರಂಗಕ್ಕನಿಗೆ ಚೊಚ್ಚಲ ಹೆರಿಗೆ. ಅವರಲ್ಲಿ ಹೆರುವ ಹೆಂಗಸನ್ನು ಹಟ್ಟಿಯ ಬೇಲಿಯಾಚೆ ಗುಡ್ಲಿನಲ್ಲಿಡುತ್ತಾರೆ. ಗಂಡನಾಗಲಿ ಅತ್ತೆಯಾಗಲಿ ಒಳಗೆ ಕಾಲಿಡುವಂತಿಲ್ಲ, ದೇವರಿಗೆ ಮೈಲಿಗೆ. ಒಳಗೆ ಹೋಗುತ್ತಿದ್ದ ಮುದುಕಿ ಹೋದ ವರ್ಷ ತೀರಿಕೊಂಡಿದ್ದಳು. ಆಮೇಲೆ ಆ ಹಟ್ಟಿಗೆ ನಾನೊಬ್ಬಳೇ ಗತಿ.

"ಅಮ್ಮಾರೇ, ಬಿರ್ರನೆ ಬನ್ನಿ. ನಿನ್ನೆಯಿಂದ ಒದ್ದಾಡ್ತಾವ್ಳೆ. ಕೂಸಿನ ಕೈ ಈಚೆ ಬಂದದೆ ಅಂತ ಒಳಗಿಂದ ಕೂಗ್ತಾವ್ಳೆ."

"ನನ್ ಕೆಲ್ಸ ತೆಗೆದ್ಬುಟ್ಟವ್ರೆ ಕಣಪ್ಪ. ಚೀಲಾನೂ ಇಲ್ಲ. ಹೋಗು, ಸರ್ಕಾರವನ್ನೇ ಕರಕೊಂಡು ಹೋಗು, ಅದೇ ಹೆರಿಗೆ ಮಾಡ್ಲಿ!"

ಅವನು ಕಾಲಿಗೆ ಬಿದ್ದ. ನಾನು ಬಾಗಿಲು ಹಾಕಿಕೊಂಡೆ.

ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಾಗಿತ್ತು. ಏನಾದರೂ ಆಗಲಿ, ದೂರು ಹೋಗಲಿ, ಕೆಲಸ ತಾನಾಗಿ ವಾಪಸು ಬರುತ್ತದೆ ಅಂತ. ಅಡ್ಡಬಿದ್ದ ಕೂಸನ್ನು ತಿರುಗಿಸಲು ಕತ್ತರಿ ಬೇಕಿಲ್ಲ, ಕೈ ಸಾಕು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ರಾಗಿ ಬೀಸುತ್ತ ಕೂತೆ.

ಸಂಜೆ ತಡೆಯಲಾರದೆ ಎದ್ದು ಹೋದೆ. ಗುಡ್ಲಿನಿಂದ ಹತ್ತು ಮಾರು ದೂರದಲ್ಲಿ ಮಾರಣ್ಣ, ಅವನ ತಾಯಿ ಕ್ಯಾತಮ್ಮ ಕೂತಿದ್ದರು.

"ಹೊತ್ತು ಇಳಿಯೋ ಮುಂಚೇನೇ ಕೂಗು ನಿಂತೋಯ್ತು ಕಣಮ್ಮ," ಅಂದಳು ಕ್ಯಾತಮ್ಮ.

ಒಳಗೆ ಹೋದೆ. ರಂಗಕ್ಕನ ಮೈ ತಣ್ಣಗಾಗಿತ್ತು. ಕೂಸಿನ ಪುಟ್ಟ ಕೈ ನೀಲಿಗಟ್ಟಿತ್ತು. ತೊಳೆದು, ಹೊದಿಸಿ ಬಂದೆ.

ಮರುದಿನ ನಂದೀಶ್ವರಯ್ಯನ ಮುಂದೆ ಹೋಗಿ, ಹಟ್ಟಿಯಲ್ಲಿ ಎರಡು ಜೀವ ಹೋಯ್ತು ಅಂತ ಕಿರುಚಿದೆ. ಅವನು ತಲೆಯೆತ್ತದೆ ಕಡತ ಮಗುಚಿದ.

"ಹೆರಿಗೆ ಬರೆಸ್ತಿದ್ದೋರು ನೀವು. ಈಗ ಬರೆಸೋರಿಲ್ಲ. ಈ ತಿಂಗಳು ಹೆರಿಗೇನೇ ಇಲ್ಲ ಅಂತ ಮೇಲಕ್ಕೆ ಬರೀತೀನಿ. ಹೆರಿಗೇನೇ ಇಲ್ದ ಮೇಲೆ ಸೂಲಗಿತ್ತಿ ಯಾಕೆ ಹೇಳಿ?"

ಮನೆಗೆ ಬಂದರೆ ಜಗಲಿಯ ಮೇಲೆ ಮಾರಣ್ಣ, ಕೈಯಲ್ಲಿ ತುಪ್ಪದ ಕುಡಿಕೆ. ಹೊಡೆಯಲು ಬಂದಿದ್ದಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಸರ್ಕಾರ ಬ್ಯಾಡ ಅಂದಿದ್ರೂ ಕದ್ದು ಬಂದ್ರಲ್ಲ ಅಮ್ಮಾರೇ. ನಾವ್ಯಾರೂ ಮುಟ್ಟದಿದ್ದೋಳ್ನ ನೀವು ಮುಟ್ಟುದ್ರಿ. ನಿಮ್ ಋಣ ತೀರ್ಸಾಕಾಗಕಿಲ್ಲ."

ಹೂಂ ಅಂದೆ. ಕುಡಿಕೆಯನ್ನೂ ತೆಗೆದುಕೊಂಡೆ.