ಕೋರಾ ಆರಿಸಿದ ಕೋವಿ

ಅಕ್ಟೋಬರ್ ಕೊನೆಯ ವಾರ ನಮ್ಮ ಚಳಿಕೋಣೆಯಲ್ಲಿ, ಅಂದರೆ ಮನೆಬಾಗಿಲ ಮುಂದಿನ ಒಲೆಯಿಲ್ಲದ ಕೋಣೆಯಲ್ಲಿ, ಯಾರೋ ಒಂದು ಸಾರಂಗದ ತೊಡೆ ಇಟ್ಟುಹೋಗಿದ್ದರು. ಯಾರೋ ಏನು, ಪಕ್ಕದ ಮನೆಯ ಏಮಸ್ಸೇ. ಹಿಮದ ಮೇಲೆ ಅವನ ಬೂಟಿನ ಗುರುತು ನೆಟ್ಟಗೆ ಅವನ ಬಾಗಿಲಿನ ತನಕ ಹೋಗಿತ್ತು. ಬಾಗಿಲು ಬಡಿಯದೆ, ಹೆಸರು ಹೇಳದೆ ಇಟ್ಟುಹೋಗುವುದೇ ನಮ್ಮ ಈ ಉತ್ತರದ ಹಿಮನಾಡಿನಲ್ಲಿ ಮರ್ಯಾದೆ. ಬೇಟೆಗೆ ಹೋಗಲಾಗದ ಮುದುಕರ ಮನೆಗೆ, ಕಾಯಿಲೆಯವರ ಮನೆಗೆ ಹಾಗೆ ಇಡುತ್ತಾರೆ.

ಕೋರಾ ಬಹಳ ಹೊತ್ತು ಆ ತೊಡೆಯನ್ನು ನೋಡುತ್ತ ನಿಂತಳು. ಅವಳು ನನ್ನ ತಮ್ಮ ಈನಕ್‌ನ ಹೆಂಡತಿ. ತಮ್ಮ ತೀರಿಕೊಂಡು ಆರು ವರ್ಷವಾಯಿತು, ನಾವಿಬ್ಬರು ಹೆಂಗಸರೇ ಮನೆಯಲ್ಲಿ. ಅವನು ಬದುಕಿದ್ದಾಗಲೂ ಬೇಟೆಯಲ್ಲಿ ಇವಳದೇ ಮೇಲುಗೈ. ಅವನೇ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದ. ಈ ಊರಿನ ಎಷ್ಟು ಬಾಗಿಲುಗಳಲ್ಲಿ ಅವಳು ಸದ್ದಿಲ್ಲದೆ ಮಾಂಸ ಇಟ್ಟು ಬಂದಿದ್ದಾಳೋ ಲೆಕ್ಕವಿಲ್ಲ. ಈಗ ನಮ್ಮ ಬಾಗಿಲೇ ಆ ಸಾಲಿಗೆ ಸೇರಿತ್ತು.

“ಒಳ್ಳೇ ಕೊಬ್ಬಿದೆ,” ಅಂದಳು. ಆಮೇಲೆ ಒಳಗೆ ಹೋಗಿ ಚಹಾ ಕುಡಿಯದೆ ಕೂತಳು.

ಆಗಸ್ಟಿನಲ್ಲಿ ದೋಣಿಯನ್ನು ದಡಕ್ಕೆ ಎಳೆಯುವಾಗ ಹಗ್ಗ ಅವಳ ಬಲಗೈಯನ್ನು ರಾಟೆಗೆ ಸೇರಿಸಿ ಅರೆದುಬಿಟ್ಟಿತ್ತು. ತೋರುಬೆರಳು ಹೇಗೋ ಉಳಿಯಿತು. ಹೆಬ್ಬೆರಳೂ ಉಳಿದ ಮೂರೂ ಕಡ್ಡಿಯ ಹಾಗೆ ಸೆಟೆದುಕೊಂಡವು, ಮಡಿಚುವುದಿಲ್ಲ. ಈನಕ್‌ನ ಕೋವಿ ನೋಡಿದರೆ ಬೋಲ್ಟಿನದು. ಒಂದು ಗುಂಡು ಹಾರಿಸಿದ ಮೇಲೆ ಹಿಡಿಕೆ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಕೆಳಕ್ಕೆ ಒತ್ತಿದರೇ ಇನ್ನೊಂದು ತೋಟಾ ಒಳಗೆ ಹೋಗುವುದು. ಅದನ್ನೆಲ್ಲ ಮಾಡಬೇಕಾದ್ದು ಬಲಗೈ.

ಸೆಪ್ಟೆಂಬರಿನಿಂದ ಅವಳು ಚಳಿಕೋಣೆಯ ಬೆಂಚಿನ ಮೇಲೆ ಖಾಲಿ ಕೋವಿ ಊರಿಕೊಂಡು, ಎಡಗೈಯನ್ನು ಅಡ್ಡ ಹಾಯಿಸಿ ಆ ಹಿಡಿಕೆ ಎಳೆಯುವುದನ್ನು ಕಲಿಯುತ್ತಿದ್ದಳು. ಒಳಗೆ ಹೊಲಿಯುತ್ತ ಕೂತ ನನಗೆ ಕೇಳಿಸುತ್ತಿತ್ತು. ಟಕ್. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಟಕ್.

ನವೆಂಬರ್ ಮೊದಲ ಬುಧವಾರ ಅವಳ ಅಳಿಯ ರೋಲಂಡ್ ಗಣಿಯ ಕೆಲಸದಿಂದ ರಜೆಯ ಮೇಲೆ ಬಂದ. ಒಳ್ಳೆಯ ಹುಡುಗ, ಬಾಯಿ ಮಾತ್ರ ನಿಲ್ಲುವುದಿಲ್ಲ.

“ಅತ್ತೇ, ಕಣ್ಣು ಮುಚ್ಕೊಳಿ.”

“ನಾನು ಕಣ್ಣು ಮುಚ್ಚಿದ್ರೆ ನೀನು ಬಿಸ್ಕತ್ತಿನ ಡಬ್ಬಿ ಖಾಲಿ ಮಾಡ್ತೀಯ. ಏನು ತಂದಿದ್ದೀಯ ತೋರ್ಸೋ.”

ಅವನು ಚಳಿಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದ. ಹೊಸ ಕೋವಿ, ತಾನೇ ತುಂಬಿಕೊಳ್ಳುವಂಥದ್ದು. ಒಂದು ಗುಂಡು ಹಾರಿದ ರಭಸಕ್ಕೆ ಮುಂದಿನ ತೋಟಾ ತಾನಾಗಿ ಒಳಗೆ ಬರುತ್ತದೆ. ತೋರುಬೆರಳೊಂದಿದ್ದರೆ ಸಾಕು.

“ಇದು ನಿಮ್ಗೆ. ಮಾವನ ಹಳೇದನ್ನ ನಂಗೆ ಕೊಡಿ. ಕೆಳಗಿನ ಊರಲ್ಲಿ ನಮ್ಮಣ್ಣನ ಹತ್ರ ಕೋವಿ ಇಲ್ಲ. ಭಾನುವಾರ ನಾನು ಅಲ್ಲಿಗೆ ಹೋಗ್ತೀನಿ, ಯಾವ್ದನ್ನ ಬೇಡ ಅಂತೀರೋ ಅದನ್ನ ಒಯ್ತೀನಿ.”

“ಎರಡೂ ಇಟ್ಕೊಂಡ್ರೆ?”

“ಎರಡು ಇಟ್ಕೊಳೋಕೆ ನಿಮ್ಗೆ ಕೈ ಇರೋದು ಒಂದೂವರೆ!”

ಬೇರೆ ಯಾರಾದರೂ ಅಂದಿದ್ದರೆ ನಾನೇ ಹೊರಗೆ ದಬ್ಬುತ್ತಿದ್ದೆ. ಕೋರಾ ನಕ್ಕಳು. ಆಗಸ್ಟಿನ ನಂತರ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಗುರುವಾರ ಮೂವರೂ ನದಿಯ ಮಂಜುಗಡ್ಡೆಯ ಮೇಲೆ ಹಾಲಿನ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಿದೆವು. ಹೊಸ ಕೋವಿ ಹಿಡಿದು ಕೋರಾ ನಾಲ್ಕು ಉಸಿರಿಗೆ ನಾಲ್ಕು ಡಬ್ಬಿ ಹಾರಿಸಿದಳು. ಅವಳ ಕೆನ್ನೆ ಕೆಂಪಾಯಿತು. “ಅಯ್ಯೋ, ಇದು ಬೆಣ್ಣೇಲಿ ಚಾಕು ಆಡ್ಸಿದ ಹಾಗಿದೆ!” ಅಂದಳು. ಆಮೇಲೆ ಹಳೆಯದನ್ನು ಜಾರುಬಂಡಿಯ ಅಂಚಿಗೆ ಊರಿ ಹೊಡೆದಳು. ಮೊದಲ ಡಬ್ಬಿ ಬಿತ್ತು. ಎಡಗೈ ಅಡ್ಡ ಬಂದು ಹಿಡಿಕೆಯನ್ನು ತಡಕಾಡಿತು, ಜಾರಿತು, ಮತ್ತೆ ಹಿಡಿಯಿತು. ನಾನು ಮನಸ್ಸಿನಲ್ಲೇ ಹನ್ನೊಂದರವರೆಗೆ ಎಣಿಸಿದೆ. ಎರಡನೆಯ ಡಬ್ಬಿ ಅಲುಗಲೇ ಇಲ್ಲ.

“ಅಷ್ಟು ಹೊತ್ತಿಗೆ ಸಾರಂಗ ಬೆಟ್ಟ ದಾಟಿ ಮದುವೆ ಮಾಡ್ಕೊಂಡು ಮರೀನೂ ಹಾಕಿರ್ತದೆ, ಅತ್ತೆ.”

“ಸುಮ್ನಿರೋ, ಬಾಯಿಬಡುಕ,” ಅಂದಳು, ಆದರೆ ಈ ಸಲ ನಗಲಿಲ್ಲ.

ನನ್ನ ಮಟ್ಟಿಗೆ ಅಲ್ಲಿಗೆ ತೀರ್ಮಾನವಾಗಿತ್ತು. ಹೊಸದಿದ್ದರೆ ಅವಳು ಬೇಟೆಗೆ ಹೋಗುತ್ತಾಳೆ, ಇಲ್ಲದಿದ್ದರೆ ನನ್ನ ಹಾಗೆ ಮನೆಯಲ್ಲಿ ಕೂತು, ಬಾಗಿಲಲ್ಲಿ ಯಾರು ಏನು ಇಟ್ಟರು ಎಂದು ನೋಡುತ್ತಾಳೆ. ನಾನು ಹಾಗೆ ಕೂರಬಲ್ಲೆ. ಅವಳು ಕೂರಲಾರಳು ಎಂಬುದು ನನಗೆ ಗೊತ್ತಿತ್ತು.

ಶುಕ್ರವಾರ ಬೆಳಗ್ಗೆಯಿಂದ ಗಾಳಿ. ಕೋರಾ ಮಗಳ ಮನೆಗೆ ನಾನು ಹೊಲಿದ ತುಪ್ಪಳದ ಅಂಗಿ ಕೊಟ್ಟುಬರಲು ಹೋಗಿದ್ದಳು. ಚಳಿಕೋಣೆಯ ಹಲಗೆ ಸಂದಿಯಿಂದ ಹಿಟ್ಟಿನಂಥ ಹಿಮ ನುಗ್ಗಿ ಎರಡೂ ಕೋವಿಗಳ ಮೇಲೆ ಬೀಳುತ್ತಿತ್ತು. ಹಳೆಯದಕ್ಕೆ ಮೂವತ್ತು ಚಳಿಗಾಲದ ಹಿಮ ಬಿದ್ದಿದೆ, ಅದರ ಗೊಡವೆಗೆ ಹೋಗಲಿಲ್ಲ. ಹೊಸದನ್ನು ಮಾತ್ರ ಹಾಗೆ ಬಿಡಲು ಮನಸ್ಸು ಬರಲಿಲ್ಲ. ಒಳಗೆ ತಂದೆ. ಒಲೆಯ ಪಕ್ಕ ಕಂಬಳಿ ಹಾಸಿ ಮಲಗಿಸಿದೆ. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಚೆನ್ನಾಗಿ ಒರೆಸಿದೆ. ಕೋರಾ ಬರುವ ಮುಂಚೆ ಮತ್ತೆ ಹೊರಗೆ ಒರಗಿಸಿಟ್ಟೆ. ಮಗುವನ್ನು ಮೀಯಿಸಿ ಮಲಗಿಸಿದಷ್ಟು ಸಮಾಧಾನವಾಗಿತ್ತು.

ಶನಿವಾರ ಗಾಳಿ ನಿಂತು ಆಕಾಶ ತಿಳಿಯಾಯಿತು, ಚಳಿ ಇಮ್ಮಡಿಯಾಯಿತು. ಸಾರಂಗದ ಹಿಂಡು ಬೆಟ್ಟದ ಆಚೆ ಮಗ್ಗುಲಿನಲ್ಲಿ ಇಳಿಯುತ್ತಿದೆ ಎಂದು, ಊರವರು ಮನೆಯಿಂದ ಮನೆಗೆ ಮಾತಾಡುವ ರೇಡಿಯೊದಲ್ಲಿ ಯಾರೋ ಕೂಗಿದರು. ಕೋರಾ ಆಗಲೇ ಬೂಟು ಕಟ್ಟುತ್ತಿದ್ದಳು. ರೋಲಂಡ್‌ನ ಮೋಟಾರಿನ ಹಿಮಗಾಡಿ ಮುಂದೆ, ನಮ್ಮದು ಹಿಂದೆ. ನಾನು ಅದಕ್ಕೆ ಕಟ್ಟಿದ ಜಾರುಬಂಡಿಯಲ್ಲಿ, ಕೊಯ್ಯುವ ಕತ್ತಿಗಳ ಜೊತೆ. ಎರಡೂ ಕೋವಿಗಳನ್ನು ಅವಳೇ ತಂದು ನನ್ನ ಪಕ್ಕ ಇಟ್ಟಳು.

ಕುರುಚಲು ಗಿಡಗಳಿದ್ದ ದಿಬ್ಬದ ಹಿಂದೆ ಗಾಡಿ ನಿಲ್ಲಿಸಿ, ಜಾರುಬಂಡಿಯನ್ನು ಮರೆಮಾಡಿಕೊಂಡು ಮಲಗಿದೆವು. ಹಿಂಡು ಬಂತು. ಮೊದಲು ನಾಲ್ಕು, ಆಮೇಲೆ ಏಳು. ರೋಲಂಡ್ ಅವಳ ಮುಖ ನೋಡಿದ. ಅವಳು ಅಲುಗಲಿಲ್ಲ. ಮುಂದೆ ಬಂದವನ್ನು ನಾವು ಮುಟ್ಟುವುದಿಲ್ಲ. ಅವು ತುಳಿದ ದಾರಿಯಲ್ಲೇ ಹಿಂದಿನವು ಬರಬೇಕು. ಮುಂದಿನದನ್ನು ಕೆಡವಿದರೆ ಹಿಂಡು ದಾರಿ ತಿರುಗಿಸುತ್ತದೆ, ಕೆಳಗಿನ ಊರುಗಳ ಹೊಟ್ಟೆಗೆ ಹೊಡೆದಂತಾಗುತ್ತದೆ. ಇಪ್ಪತ್ತು ದಾಟಿದವು, ಮೂವತ್ತು ದಾಟಿದವು. ನನ್ನ ರೆಪ್ಪೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಅವಳ ಬಾಯಿಂದ ಆವಿ ಕೂಡ ಮೆಲ್ಲಗೆ ಬರುತ್ತಿತ್ತು.

ಆ ತಿಂಗಳಲ್ಲಿ ದೊಡ್ಡ ಗಂಡುಗಳ ಮಾಂಸ ಬೆದೆಯಿಂದ ನಾರುತ್ತದೆ. ಮರಿಯಿಲ್ಲದ ಕೊಬ್ಬಿದ ಹೆಣ್ಣನ್ನೋ ಎಳೆಯ ಗಂಡನ್ನೋ ಹುಡುಕಬೇಕು. ಅವಳು ಹೊಸ ಕೋವಿ ಎತ್ತಿ ಒಂದನ್ನು ಆರಿಸಿ ಹೊಡೆದಳು. ಅದು ಎರಡು ಹೆಜ್ಜೆ ಇಟ್ಟು ಕುಸಿಯಿತು. ಹಿಂಡು ಎಲ್ಲಿಂದ ಸದ್ದು ಬಂತೆಂದು ತಿಳಿಯದೆ ನಿಂತಿತು. ಅವಳು ಮತ್ತೆ ಟ್ರಿಗರ್ ಒತ್ತಿದಳು. ಏನೂ ಇಲ್ಲ.

“ಸಿಕ್ಕಾಕ್ಕೊಂಡಿದೆ,” ರೋಲಂಡ್ ಪಿಸುಗುಟ್ಟಿದ. “ಅರ್ಧಕ್ಕೆ ನಿಂತಿದೆ. ಕೊಡಿ ಇಲ್ಲಿ, ನಾನು ಎಳೀತೀನಿ. ಅಯ್ಯೋ, ಒಳಗೆಲ್ಲ ಮಂಜು! ಹೋಯ್ತು ಅತ್ತೆ, ಹೋಯ್ತು, ಹಿಂಡು ಹೊರಡ್ತಿದೆ.”

ನಿನ್ನೆಯ ಒಲೆ, ಕಂಬಳಿ ನನಗೆ ನೆನಪಾದವು. ಬಾಯಿ ತೆರೆಯುವ ಹೊತ್ತಲ್ಲ ಅದು.

ಕೋರಾ ಹೊಸದನ್ನು ಅವನ ಕೈಗೆ ಬಿಟ್ಟು, ಹಳೆಯದನ್ನೆಳೆದು ಜಾರುಬಂಡಿಯ ಅಂಚಿಗೆ ಊರಿದಳು. ಸೆಟೆದ ಬಲಗೈಯಲ್ಲಿ ಜೀವವಿದ್ದ ಒಂದೇ ಬೆರಳು ಟ್ರಿಗರ್ ಮೇಲೆ ಕೂತಿತು. ಹೊಡೆದಳು. ಎರಡನೆಯದು ಉರುಳಿತು. ಎಡಗೈ ಅಡ್ಡ ಹಾದು ಬಂತು. ನಾನು ಎಣಿಸಲು ಹೊರಟವಳು ನಾಲ್ಕಕ್ಕೇ ನಿಲ್ಲಿಸಿದೆ, ಯಾಕೆಂದರೆ ಅಷ್ಟರಲ್ಲಿ ಅದು ಕೆಲಸ ಮುಗಿಸಿತ್ತು. ಆದರೆ ಅವಳು ಹೊಡೆಯಲಿಲ್ಲ. ಕಂದು ಬಣ್ಣದ ಹೆಣ್ಣೊಂದು ಎದುರಿಗೇ ನಿಂತಿತ್ತು, ನನಗೇ ಹೊಡೆಯುವ ಆಸೆಯಾಗುವಷ್ಟು ಹತ್ತಿರ. ಅವಳು ಕಾದಳು. ಅದರ ಹಿಂದಿನಿಂದ ಈ ವರ್ಷದ ಮರಿಯೊಂದು ಹೊರಬಂದು ತಾಯಿಯ ಜೊತೆ ನಡೆಯಿತು. ಅವು ದೂರ ಸರಿದ ಮೇಲೆ, ಒಂಟಿಯಾಗಿ ಉಳಿದ ಎಳೆಯ ಗಂಡನ್ನು ಹೊಡೆದಳು.

ಮೂರು ಗುಂಡು, ಮೂರು ಸಾರಂಗ. ಗಾಯಗೊಂಡು ಓಡಿದ್ದು ಒಂದೂ ಇಲ್ಲ. ಎಪ್ಪತ್ತೊಂದು ವರ್ಷದಲ್ಲಿ ನಾನು ಅಪ್ಪನ ಬೇಟೆ ನೋಡಿದ್ದೇನೆ, ತಮ್ಮನದು ನೋಡಿದ್ದೇನೆ. ಇಂಥದ್ದನ್ನು ನೋಡಿರಲಿಲ್ಲ.

ಚರ್ಮ ಸುಲಿಯುವಾಗ ಇನ್ನು ತಡೆಯಲಾಗಲಿಲ್ಲ.

“ಕೋರಾ, ಆ ಕೋವೀನ ಕೆಡ್ಸಿದ್ದು ನಾನು.”

“ಅಂದ್ರೆ?”

“ನಿನ್ನೆ ಒಳಗೆ ತಂದು ಒಲೆ ಪಕ್ಕ ಇಟ್ಟಿದ್ದೆ. ಎಣ್ಣೇನೂ ಹಾಕಿದ್ದೆ.”

ರೋಲಂಡ್ ಕತ್ತಿ ಕೆಳಗಿಟ್ಟ. “ದೊಡ್ಡತ್ತೇ! ಚಳೀಲಿರೋ ಕೋವೀನ ಬೆಚ್ಚಗಿರೋ ಮನೆಗೆ ತಂದ್ರೆ ಅದು ಬೆವರ್ತದೆ, ಮತ್ತೆ ಹೊರಗಿಟ್ರೆ ಒಳಗೇ ಹೆಪ್ಪುಗಟ್ತದೆ. ಇದನ್ನ ನಂಗೆ ಹೇಳ್ಕೊಟ್ಟೋರೇ ನೀವು!”

“ಗೊತ್ತು ಕಣೋ. ಹೊಸದು ಅಂತ ಬುದ್ಧಿ ಕೆಟ್ಟೋಯ್ತು.”

ಕೋರಾ ಹಿಮದ ಮೇಲೆ ಕೂತುಬಿಟ್ಟು ನಕ್ಕಳು. “ಅಕ್ಕಾ, ಅದಕ್ಕೆ ಕಂಬಳೀನೂ ಹೊದಿಸಿದ್ರಾ?”

“ಹಾಸಿದ್ದೆ, ಹೊದಿಸಿರ್ಲಿಲ್ಲ.”

“ಸದ್ಯ, ಜೋಗುಳ ಹಾಡ್ಲಿಲ್ವಲ್ಲ!”

ರೋಲಂಡ್ ಮಾತ್ರ ಗಂಭೀರವಾದ. “ಹಾಗಾದ್ರೆ ಕೋವೀದು ತಪ್ಪೇನಿಲ್ಲ, ಅತ್ತೆ. ಬಿಚ್ಚಿ ಒಣಗಿಸಿ ಕೊಡ್ತೀನಿ. ಅದನ್ನೇ ಇಟ್ಕೊಳಿ.”

“ತಪ್ಪೇನಿಲ್ಲ ನಿಜ. ಒಳ್ಳೇ ಕೋವಿ. ಕರಡಿ ಮನೆ ಮುಂದೆ ಬಂದ್ರೆ ನಾನೂ ಅದನ್ನೇ ಹುಡುಕ್ತೀನಿ.” ಅವಳು ಕತ್ತಿ ಒರೆಸುತ್ತ ಯೋಚಿಸಿದಳು. “ಆದ್ರೆ ನೋಡು, ಮೊದಲ್ನೇದು ಬಿದ್ಮೇಲೆ ನಿನ್ನ ಕೋವೀಲಿ ಬೆರಳು ತಾನೇ ಒತ್ತೋಕೆ ಹೋಯ್ತು. ಯಾವ್ದಕ್ಕೆ ಅಂತ ನಾನಿನ್ನೂ ನೋಡೇ ಇರ್ಲಿಲ್ಲ. ಸಿಕ್ಕಾಕ್ಕೊಳ್ದೇ ಇದ್ದಿದ್ರೆ ಏನು ಹೊಡೀತಿದ್ನೋ. ಈ ಹಳೇದ್ರಲ್ಲಿ ಕೈ ಕೆಲಸ ಮಾಡೋವಾಗ ಕಣ್ಣಿಗೆ ಪುರಸೊತ್ತು ಸಿಗ್ತದೆ. ಆ ಮರಿ ಕಂಡಿದ್ದು ಹಾಗೇ.”

“ಕೈ ನೋಯಲ್ವಾ?”

“ನೋಯ್ತದೆ. ಕೆಲಸ ಕೊಡ್ದೆ ಇದ್ರೆ ಎಡಗೈನೂ ಮರೀತದೆ. ಆಮೇಲೆ ಏನು, ಹಲ್ಲಲ್ಲಿ ಹೊಡೀಲಾ? ನಿಮ್ಮಣ್ಣಂಗೆ ಹೊಸದನ್ನ ಕೊಡು. ನಮ್ಮಕ್ಕನ ಕೈಗೆ ಮಾತ್ರ ಸಿಗದ ಹಾಗೆ ಇಟ್ಕೊಳಕ್ಕೆ ಹೇಳು.”

ಅವನು ಇನ್ನೂ ಏನೋ ಹೇಳಲು ಹೊರಟು, ಹಿಮದ ಮೇಲೆ ಮಲಗಿದ್ದ ಮೂರನ್ನೂ ಒಮ್ಮೆ ನೋಡಿ, ಮತ್ತೆ ಕತ್ತಿ ಎತ್ತಿಕೊಂಡ.

ಮನೆಗೆ ಬಂದಾಗ ದಕ್ಷಿಣದ ಬೆಟ್ಟದ ಮೇಲೆ ಇನ್ನೂ ಬೆಳಕಿತ್ತು. ಕೋರಾ ಅಂಗಿಯನ್ನೂ ಬಿಚ್ಚದೆ ರೇಡಿಯೊ ಎತ್ತಿಕೊಂಡಳು. ಊರಿಗೆಲ್ಲ ಕೇಳುವ ಹಾಗೆ ಹೇಳಿದಳು: “ಕೋರಾ ಮನೇಲಿ ಮಾಂಸ ಇದೆ. ಯಾರಿಗೆ ಬೇಕೋ ಬೋಗುಣಿ ತಗೊಂಡ್ ಬನ್ನಿ. ಎಲ್ಲಕ್ಕಿಂತ ರುಚಿ ನಾಲಿಗೆ, ಅದು ಮಾತ್ರ ನಮ್ಮಕ್ಕಂಗೆ.”

ಒಂದು ಕ್ಷಣ ಬರೀ ಕರಕರ ಸದ್ದು. ಆಮೇಲೆ ಮೇಲಿನ ಕೇರಿಯ ಮೇಬಲ್‌ಳ ದನಿ ಬಂತು. ತೊಂಬತ್ತರ ಮುದುಕಿ, ಮುಚ್ಚುಮರೆ ಗೊತ್ತಿಲ್ಲ.

“ಹೊಡೆದಿದ್ದು ನೀನೋ ನಿನ್ನ ಅಳಿಯನೋ?”

“ನಾನೇ, ಮೇಬಲಜ್ಜಿ.”

“ಆ ಕೈಯಲ್ಲಾ?”

“ಎರಡೂ ಕೈಯಲ್ಲಿ.”

“ಹಾಗಾದ್ರೆ ದೊಡ್ಡ ಬೋಗುಣೀನೇ ಕಳಿಸ್ತೀನಿ,” ಅಂದಳು ಮೇಬಲ್.

ನಾನು ಒಲೆಗೆ ಸೌದೆ ಹಾಕಿ ಚಹಾ ಇಟ್ಟೆ. ಕೋರಾ ಎರಡು ಲೋಟ ಕುಡಿದಳು, ಒಣಮಾಂಸವನ್ನು ಕಡಲ ಸೀಲ್ ಪ್ರಾಣಿಯ ಎಣ್ಣೆಯಲ್ಲಿ ಅದ್ದಿ ತಿಂದಳು. ಅಷ್ಟರಲ್ಲಿ ಮೊದಲನೆಯವರು ಬೂಟಿನ ಹಿಮ ಕೊಡವುವ ಸದ್ದು ಕೇಳಿಸಿತು, ಅವಳು ಬಾಗಿಲು ತೆರೆಯಲು ಎದ್ದಳು.