ತುಂಬಿದ ಬಟ್ಟಲಿನ ತೂಕ

ಆ ಮನೆಯ ಸೊಸೆಗೆ ತಕ್ಕಡಿಯ ಮೇಲಿದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ. ಆಸ್ಪತ್ರೆಯ ಔಷಧಿ ವಿಭಾಗದ ಹಿಂದಿನ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆ ಹದಿನಾಲ್ಕು ವರ್ಷ ಕೂತು ಪುಡಿ ತೂಗಿದವಳು, ಮುಲಾಮು ಕಲೆಸಿದವಳು ಅವಳು. ಮನೆಗೆ ಬಂದರೂ ಆ ಬುದ್ಧಿ ಬಿಡುತ್ತಿರಲಿಲ್ಲ. ಚಹಾದ ಸಕ್ಕರೆಯನ್ನು ಚಮಚದ ಅಂಚಿಗೆ ಸಮ ಮಾಡಿಯೇ ಹಾಕುವಳು. ಬಸ್ ಡ್ರೈವರ್ ಆಗಿದ್ದ ಗಂಡ, "ನಮ್ಮನೇಲಿ ಬೈಗುಳಾನೂ ಗ್ರಾಂ ಲೆಕ್ಕದಲ್ಲೇ ಸಿಗೋದು" ಎಂದು ನಗುತ್ತಿದ್ದ. ಆದರೆ ಬೈಗುಳದ ವಿಷಯದಲ್ಲಿ ಮಾತ್ರ ಅವಳ ಕೈ ಸ್ವಲ್ಪ ಧಾರಾಳವೇ ಇತ್ತು. ಅದರ ಕಥೆ ಮುಂದೆ ಬರುತ್ತದೆ.

ಮಾವನ ದಾರಿಯೇ ಬೇರೆ. ಲಿಫ್ಟ್ ಮೆಕ್ಯಾನಿಕ್ ಆಗಿ ನಿವೃತ್ತನಾದ ಆ ಮನುಷ್ಯ ಜನ್ಮದಲ್ಲಿ ಏನನ್ನೂ ಅಳೆದವನಲ್ಲ. ಮುಟ್ಟಿ ನೋಡುವವನು, ಕಿವಿಗೊಟ್ಟು ಕೇಳುವವನು. ಹೆಂಡತಿ ತೀರಿಕೊಂಡ ಮೇಲೆ, ಗುಜರಿಗೆ ಹೊರಟಿದ್ದ ಹಳೇ ಲಿಫ್ಟಿನ ಜಾಲರಿ ಬಾಗಿಲುಗಳನ್ನು ತಂದು, ಹಿತ್ತಿಲ ಗೋಡೆಗೆ ಒತ್ತಿ ಒಂದು ಹಕ್ಕಿಮನೆ ಕಟ್ಟಿದ್ದ. ಒಳಗೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡವಾದ, ಕೆಂಪು ಕೊಕ್ಕಿನ ಇಪ್ಪತ್ತೆರಡು ಫಿಂಚ್ ಹಕ್ಕಿಗಳು. ಅದರಲ್ಲಿ ಒಂದು ಕಾಲ್ಬೆರಳು ಸೊಟ್ಟಗಿದ್ದ ಮುದಿ ಹೆಣ್ಣಿಗೆ 'ಯಜಮಾನಿ' ಎಂದು ಹೆಸರು. ಉಳಿದವು ಎಲ್ಲಿ ಕೂರಬೇಕು, ಯಾವುದು ಮೊದಲು ತಿನ್ನಬೇಕು ಎನ್ನುವುದೆಲ್ಲ ಅದರ ಅಪ್ಪಣೆ.

ಚಳಿಗಾಲ ಕಾಲಿಟ್ಟ ವಾರವೇ, ಬೆಳಗಿನ ಐದು ಗಂಟೆಗೆ, ಮಾವ ಹಿತ್ತಿಲ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. "ಇಷ್ಟೊತ್ತಿಗೆ, ಈ ಚಳೀಲಿ, ಹಿತ್ತಿಲಲ್ಲಿ ಏನಪ್ಪಾ ಕೆಲಸ?" ಎಂದು ಮಗ ಕೇಳಿದರೆ, "ಸುಮ್ನೆ, ನಿದ್ದೆ ಬರ್ಲಿಲ್ಲ" ಎಂದ. ಪಕ್ಕದಲ್ಲಿ ತಗಡಿನ ತಟ್ಟೆಯೊಂದು ಬೋರಲು ಬಿದ್ದಿತ್ತು. ಸೊಸೆ ಅದನ್ನು ಎತ್ತಿ ಒಳಗಿಟ್ಟಳು. ಯಾಕೆ ಬಿದ್ದಿತ್ತು ಎಂದು ಯೋಚಿಸುವ ಹೊತ್ತು ಅದಲ್ಲ.

ಗಂಡನಿಗೆ ಹಕ್ಕಿಗಳ ತಂಟೆಯೇ ಬೇಡವಾಗಿತ್ತು. "ಕಾಳಿನ ಅಂಗಡಿಯವನು ಎಲ್ಲಾನೂ ತಗೋತೀನಿ ಅಂತಿದಾನೆ. ಕೊಟ್ಬಿಡೋಣ. ನಾನು ಬಸ್ ನೋಡ್ಲೋ, ಅಪ್ಪನ್ನ ನೋಡ್ಲೋ, ಇವನ್ನ ನೋಡ್ಲೋ?"

"ನಾನಿಲ್ವಾ?" ಎಂದಳು ಸೊಸೆ. "ದಿನಾ ಮಿಲಿಗ್ರಾಂ ತೂಗೋಳಿಗೆ ಎರಡು ಹಿಡಿ ಕಾಳು ಹಾಕಕ್ಕೆ ಬರಲ್ವಾ?"

ಅವಳು ಕೆಲಸ ಮಾಡುವ ಆಸ್ಪತ್ರೆಗೇ ಸೇರಿಸಿದರು. ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಮಾವ ಅವಳ ಕೈ ಹಿಡಿದುಕೊಂಡ. "ಇಪ್ಪತ್ತೆರಡು ಬಿಟ್ಟು ಬಂದಿದೀನಿ ಕಣಮ್ಮ."

"ನೀವು ಬರೋ ಹೊತ್ತಿಗೆ ಇಪ್ಪತ್ತಮೂರಾಗಿರತ್ತೆ, ನೋಡ್ತಿರಿ ಮಾವ."

ಹೀಗೆ ಹೇಳಬಾರದಿತ್ತು. ಆಡಿದ ಮಾತು, ಒಡೆದ ಮುತ್ತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಚಳಿಗಾಲದ ಕಾಳಿನ ಮಿಶ್ರಣವನ್ನು ಮಾವ ಮಂಚದ ಮೇಲೆ ಮಲಗಿಯೇ ಹೇಳಿಕೊಟ್ಟ. ಮೂರು ಹಿಡಿ ನವಣೆ, ಎರಡು ಹಿಡಿ ಬರಗು, ಒಂದು ಹಿಡಿ ಸಾಮೆ. ಚಳಿಯಲ್ಲಿ ಮೈ ಬಿಸಿ ಉಳಿಯಲು ಎಣ್ಣೆ ಕಾಳು ಬೇಕು, ಅದಕ್ಕೆ ಅರ್ಧ ಹಿಡಿ ಹುಚ್ಚೆಳ್ಳು, ಒಂದು ಚಿಟಿಕೆ ಅಗಸೆ. "ಚಳಿ ಜಾಸ್ತಿಯಾದ್ರೆ ಹುಚ್ಚೆಳ್ಳು ಇನ್ನೊಂದ್ ಸ್ವಲ್ಪ."

"ಸ್ವಲ್ಪ ಅಂದ್ರೆ ಎಷ್ಟು ಮಾವ?"

"ಸ್ವಲ್ಪ ಅಂದ್ರೆ ಸ್ವಲ್ಪ. ಹಕ್ಕಿ ಮುಖ ನೋಡಿದ್ರೆ ಗೊತ್ತಾಗತ್ತೆ."

ಹಕ್ಕಿಯ ಮುಖ ನೋಡಿ ಔಷಧಿ ಕೊಡುವವರ ಪೈಕಿ ಅವಳಲ್ಲ. ಮರುದಿನ ಕಾಳಿನ ಪೊಟ್ಟಣಗಳನ್ನು ಚೀಲದಲ್ಲಿ ಅಡಗಿಸಿ ವಾರ್ಡಿಗೆ ತಂದಳು, ಮಾವನ ಎದೆಯ ಮೇಲೆ ಕಾಗದ ಹಾಸಿದಳು. "ಒಂದೊಂದೇ ಹಿಡಿ ತೆಗೀರಿ" ಎಂದಳು. ಮಾವ ನಗುತ್ತಾ ತೆಗೆದ. ಅವಳು ಹಿಡಿ ಹಿಡಿಯನ್ನೂ ಕಾಗದದಲ್ಲಿ ಮಡಚಿಕೊಂಡು ಕೆಳಗಿನ ಮಹಡಿಗೆ ಒಯ್ದು ತನ್ನ ತಕ್ಕಡಿಯಲ್ಲಿ ತೂಗಿದಳು. ನವಣೆಯ ಹಿಡಿ ನಲವತ್ತೊಂದು ಗ್ರಾಂ, ಬರಗಿನದು ನಲವತ್ತನಾಲ್ಕು. ಸಂಜೆ ಹಾಸಿಗೆ ಬದಲಿಸಲು ಬಂದ ನರ್ಸ್ ಉದುರಿದ್ದ ಕಾಳು ನೋಡಿ, "ತಾತ, ಇಲ್ಲೇನು ಬಿತ್ತನೆ ಶುರು ಮಾಡಿದೀರಾ?" ಎಂದು ಕೇಳಿದಳಂತೆ. ಬಿದ್ದ ಮೇಲೆ ಮಾವ ಮೊದಲ ಸಲ ಬಾಯಿ ತುಂಬ ನಕ್ಕಿದ್ದು ಆಗ.

ಮನೆಯಲ್ಲಿ ಅವಳು ಐದು ಡಬ್ಬಗಳಿಗೆ ಚೀಟಿ ಅಂಟಿಸಿದಳು. ಮಾವನ ನೆಗ್ಗಿದ ತಗಡಿನ ತಟ್ಟೆಗಳನ್ನು ಅಟ್ಟಕ್ಕೆ ಹಾಕಿ ಎರಡು ಗಾಜಿನ ಬಟ್ಟಲು ತಂದಳು. ಒಂದು ಹಕ್ಕಿಗೆ ದಿನಕ್ಕೆ ಐದು ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಎರಡು ದಿನಕ್ಕಾಗುವಷ್ಟು ತೂಗಿ, ಬಟ್ಟಲುಗಳನ್ನು ಒಳಗಿನ ಗೂಟಕ್ಕೆ ಸಿಕ್ಕಿಸಿದಳು. ಹಕ್ಕಿಗಳು ಮುತ್ತಿದವು. ಅವಳಿಗೆ ಹೆಮ್ಮೆಯಾಯಿತು. ಆಗಬೇಕಾದದ್ದೇ, ಅಷ್ಟು ಕಾಳಜಿಯಿಂದ ಯಾರು ಮಾಡುತ್ತಾರೆ?

ಮಾವನಿಗೆ ತಿಂಡಿ ಒಯ್ಯಬೇಕಿದ್ದರಿಂದ ಈಗ ಅವಳು ಕೆಲಸಕ್ಕೆ ಹೊರಡುವಾಗ ಇನ್ನೂ ಕತ್ತಲು, ಮಾವನನ್ನು ನೋಡಿಕೊಂಡು ಮನೆ ಮುಟ್ಟುವಾಗ ಮತ್ತೆ ಕತ್ತಲು. ಹೊಸಬರು ಒಳಗೆ ಹೋದರೆ ಹಕ್ಕಿಗಳು ಬೆದರಿ ಜಾಲರಿಗೆ ಬಡಿದುಕೊಳ್ಳುತ್ತವೆ ಎಂದು ಮಾವ ಎಚ್ಚರಿಸಿದ್ದರಿಂದ, ಹೊರಗಿನಿಂದಲೇ ಟಾರ್ಚ್ ಬಿಟ್ಟು ನೋಡುವಳು. ಎರಡನೇ ದಿನ ಬಟ್ಟಲು ತುಂಬ ಇತ್ತು. ಮೂರನೇ ದಿನವೂ ತುಂಬ. ತುಂಬಿದ ಬಟ್ಟಲಿಗೆ ಇನ್ನೇನು ಹಾಕುವುದು? ನಾಲ್ಕನೇ ದಿನ ಹಕ್ಕಿಗಳು ಗರಿ ಉಬ್ಬಿಸಿಕೊಂಡು ಉಂಡೆಯಾಗಿ ಕೂತಿದ್ದವು. ಕೆಲವು ನೆಲದ ಮರಳು ಕೆದಕುತ್ತಿದ್ದವು. ಐದನೇ ದಿನ ಒಂದು ಕೆಳಗೆ ಬಿದ್ದಿತ್ತು.

ಕೈಗೆತ್ತಿಕೊಂಡರೆ ಏನನ್ನೂ ಎತ್ತಿಕೊಂಡಂತೆಯೇ ಇರಲಿಲ್ಲ. ಹೂವಿನ ಕುಂಡದ ಮಣ್ಣು ಕೆದರಿ ಅದನ್ನು ಹೂತಳು, ಕೈ ತೊಳೆದಳು, ಯೋಚಿಸಿದಳು. ಬಟ್ಟಲು ತುಂಬಿದೆ, ಹಕ್ಕಿ ತಿನ್ನುತ್ತಿಲ್ಲ. ಅಂದರೆ ಮಿಶ್ರಣವೇ ಸರಿಯಿಲ್ಲ. ಹುಚ್ಚೆಳ್ಳು ಹೆಚ್ಚಾಗಿ ಬಾಯಿಗೆ ಕಹಿಯಾಗಿರಬೇಕು. ಕತ್ತಲಲ್ಲೇ ಬಟ್ಟಲುಗಳನ್ನು ತೆಗೆದು, ಇದ್ದದ್ದನ್ನು ಕಸದ ಚೀಲಕ್ಕೆ ಸುರಿದು, ಹುಚ್ಚೆಳ್ಳು ಕಾಲು ಭಾಗ ಕಡಿಮೆ ಮಾಡಿ ಹೊಸದಾಗಿ ಬೆರೆಸಿ ಇಟ್ಟಳು. ಟಾರ್ಚಿನ ಬೆಳಕಿಗೇ ಹಕ್ಕಿಗಳು ಬಂದು ಬಿದ್ದು ಬಿದ್ದು ತಿಂದವು. ಹೋದ ಜೀವ ಬಂದಂತಾಯಿತು ಅವಳಿಗೆ. ಇದೇ ಸರಿಯಾದ ಅಳತೆ ಎಂದು ಡಬ್ಬದ ಚೀಟಿಯ ಮೇಲೆ ತಿದ್ದಿ ಬರೆದಳು.

ಮೂರು ದಿನ ಕಳೆದು ಮತ್ತೆರಡು ಸತ್ತವು. ಬಟ್ಟಲು ತುಂಬ ಇತ್ತು.

ಈ ಸಲ ಅಗಸೆಯ ಮೇಲೆ ಅನುಮಾನ. ಅದರ ಮುಂದಿನ ಸಲ ಬರಗು ಹಳತಿರಬೇಕೆಂದು ಅಂಗಡಿ ಬದಲಿಸಿದಳು. ಪ್ರತಿ ಹೊಸ ಮಿಶ್ರಣಕ್ಕೂ ಅದೇ ಹಾಡು: ಹಾಕಿದ ದಿನ ಮುಗಿಬಿದ್ದು ತಿನ್ನುವುದು, ಆಮೇಲೆ ಬಟ್ಟಲು ತುಂಬಿಯೇ ಇರುವುದು, ಹಕ್ಕಿ ಉಂಡೆಯಾಗುವುದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವವಳಿಗೆ ಕಾಣಬೇಕಾದದ್ದು ಕಾಣಲಿಲ್ಲ. ಗಂಡ ಒಂದು ಸಂಜೆ, "ಈಗ್ಲಾದ್ರೂ ಅಂಗಡಿಯವನಿಗೆ ಕೊಡು. ಉಳಿದಿರೋದಾದ್ರೂ ಬದುಕ್ಲಿ" ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು. ಅವಳು ಒಪ್ಪಲಿಲ್ಲ. ಹಕ್ಕಿಗಿಂತ ತನ್ನ ಮಾತು ದೊಡ್ಡದಾಗಿತ್ತು ಅವಳಿಗೆ; ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆಸ್ಪತ್ರೆಯಲ್ಲಿ ಅವಳ ಸುಳ್ಳು ದಿನದಿಂದ ದಿನಕ್ಕೆ ದಪ್ಪವಾಗುತ್ತಿತ್ತು. ಮಾವ ನಡೆಯುವುದಿಲ್ಲವೆಂದು ಹಠ ಮಾಡುತ್ತಿದ್ದ. ನೋವಿಗೆ ಹೆದರಿ ಕಾಲು ಕೆಳಗಿಡುತ್ತಿರಲಿಲ್ಲ. ಹಕ್ಕಿಯ ಸುದ್ದಿ ಹೇಳಿದರೆ ಮಾತ್ರ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುವನು.

"ಯಜಮಾನಿ ಹೇಗಿದಾಳೆ?"

"ಎಲ್ಲರನ್ನೂ ಗದರಿಸ್ಕೊಂಡು ಓಡಾಡ್ತಿದಾಳೆ ಮಾವ."

ಮಾವ ಕಿಟಕಿಯವರೆಗೆ ನಡೆದ. ಯಜಮಾನಿ ಕುಂಡದೊಳಗೆ ಸೇರಿ ಆಗಲೇ ಎರಡು ದಿನವಾಗಿತ್ತು.

ಹದಿನಾರನೇ ದಿನ ಭಾನುವಾರ, ರಜೆ. ಏಳನೇ ಹಕ್ಕಿಯನ್ನು ಹೂತು ಬಂದ ಸೊಸೆ, ಒಂದು ಹಕ್ಕಿ ನಿಜವಾಗಿ ಎಷ್ಟು ತಿನ್ನುತ್ತದೆಂದು ಲೆಕ್ಕ ಹಾಕಿಯೇ ಬಿಡೋಣ ಎಂದುಕೊಂಡಳು. ಮೂರು ದಿನದ ಹಿಂದೆ ಇನ್ನೂರು ಗ್ರಾಂ ಹಾಕಿದ್ದಳು. ಉಳಿದದ್ದನ್ನು ತೂಗಿ ಕಳೆದರೆ ಆಯಿತು. ಹಾಡಹಗಲಲ್ಲಿ ಎರಡೂ ಬಟ್ಟಲುಗಳನ್ನು ಅಡುಗೆಮನೆಗೆ ತಂದು, ಬಾಯಿವರೆಗೆ ತುಂಬಿದ್ದ ಮೊದಲನೆಯದನ್ನು ಖಾಲಿ ತಟ್ಟೆಗೆ ಸುರಿದು ತಕ್ಕಡಿಯ ಮೇಲಿಟ್ಟಳು.

ಒಂಬತ್ತು ಗ್ರಾಂ.

ತಕ್ಕಡಿ ಕೆಟ್ಟಿದೆ ಎಂದು ಬಡಿದಳು. ಉಪ್ಪಿನ ಪೊಟ್ಟಣ ಇಟ್ಟು ನೋಡಿದಳು, ಸರಿಯಾಗಿಯೇ ಇತ್ತು. ಮತ್ತೆ ಬಗ್ಗಿ ಕಾಳನ್ನು ನೋಡಿದಾಗ ಅವಳ ಉಸಿರು ತಾಗಿ ತಟ್ಟೆಯ ಮೇಲಿನದೆಲ್ಲ ಹಾರಿ ಕಿಟಕಿಯ ಕಟ್ಟೆಗೆ ಬಿತ್ತು. ಕಾಳಲ್ಲ, ಹೊಟ್ಟು. ಫಿಂಚ್ ಕಾಳನ್ನು ಕೊಕ್ಕಿನಲ್ಲಿ ಸೀಳಿ, ತಿರುಳನ್ನಷ್ಟೇ ನುಂಗಿ, ಸಿಪ್ಪೆಯನ್ನು ಅದೇ ಬಟ್ಟಲಿಗೆ ಉಗುಳುತ್ತದೆ. ಸಿಪ್ಪೆಯ ಬಣ್ಣವೂ ಅದೇ, ಆಕಾರವೂ ಅದೇ. ಹಕ್ಕಿಗಳು ಎಲ್ಲವನ್ನೂ ತಿಂದು ಮುಗಿಸಿದ್ದವು. ಅವಳ ಮಿಶ್ರಣದಲ್ಲಿ ಯಾವತ್ತೂ ತಪ್ಪಿರಲಿಲ್ಲ. ತುಂಬಿದ ಬಟ್ಟಲಿನ ಮುಂದೆ ಕೂತು ಅವು ಹಸಿವಿನಿಂದ ಸತ್ತಿದ್ದವು.

ಅವಳು ಕಾಳು ತೂಗುವ ತಾಳ್ಮೆಯನ್ನೂ ಮರೆತು, ಡಬ್ಬದಿಂದ ಕೈತುಂಬ ಬಾಚಿ, ಖಾಲಿಯಾದ ಬಟ್ಟಲನ್ನೂ ಎತ್ತಿಕೊಂಡು ಹಿತ್ತಿಲಿಗೆ ಓಡಿದಳು. ಉಳಿದ ಹದಿನೈದು ಹಕ್ಕಿಗಳು ಅವಳ ಕೈ ಬಟ್ಟಲಿನಿಂದ ಹೊರಬರುವ ಮುನ್ನವೇ ಅದರ ಮೇಲೆ ಕೂತವು. ಒಂದೂ ಬೆದರಲಿಲ್ಲ. ಬೆದರುವಷ್ಟು ತ್ರಾಣವೂ ಅವಕ್ಕೆ ಉಳಿದಿರಲಿಲ್ಲ.

ಮಾವ ಇಷ್ಟು ಮುಖ್ಯವಾದದ್ದನ್ನು ಹೇಳಲೇ ಇಲ್ಲವಲ್ಲ ಎಂದು ಮೊದಲು ಅವಳಿಗೆ ಸಿಟ್ಟು ಬಂತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ತಂತಿಯ ಮೇಲೆ ಒಣಗುತ್ತಿದ್ದ ತನ್ನ ಕೆಲಸದ ಬಿಳಿ ಕೋಟು ಕಣ್ಣಿಗೆ ಬಿತ್ತು, ಎರಡು ವರ್ಷದ ಹಿಂದಿನ ಬೆಳಿಗ್ಗೆಯೊಂದು ನೆನಪಾಯಿತು. ಆಗ ಮಾವ ದಿನಾ ಏಳು ಗಂಟೆಗೆ ತಗಡಿನ ತಟ್ಟೆ ಹಿಡಿದು ಹಿತ್ತಿಲಲ್ಲಿ ನಿಂತು, ಕೆನ್ನೆ ಉಬ್ಬಿಸಿ ಉಫ್ ಉಫ್ ಎಂದು ಊದುತ್ತಿದ್ದ. ಹೊಟ್ಟು ಹಾರಿ ಒದ್ದೆ ಕೋಟಿಗೆಲ್ಲ ಮೆತ್ತಿಕೊಂಡಿತ್ತು. "ಇದನ್ನ ಹಾಕ್ಕೊಂಡು ಔಷಧಿ ಮುಟ್ಟಬೇಕು ನಾನು. ಈ ಗಲೀಜು ಇನ್ನೊಂದ್ ದಿನ ಕಂಡ್ರೆ ಹಕ್ಕೀನೂ ಬೇಡ, ಪಂಜರಾನೂ ಬೇಡ" ಎಂದಿದ್ದಳು. ಇನ್ನೂ ಏನೇನೋ ಅಂದಿದ್ದಳು. ಅವತ್ತಿನಿಂದ ಮಾವ ಊದುವುದನ್ನು ಅವಳು ಕಂಡಿರಲಿಲ್ಲ. ಬುದ್ಧಿ ಬಂತು ಎಂದುಕೊಂಡಿದ್ದಳು.

ಬೆಳಗಿನ ಐದು ಗಂಟೆ. ಬೋರಲು ಬಿದ್ದ ತಗಡಿನ ತಟ್ಟೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಸೊಸೆ ಅದೇ ಮೆಟ್ಟಿಲ ಮೇಲೆ ಕೂತು ಅತ್ತಳು.

ಸಂಜೆ ವಾರ್ಡಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಸುಳ್ಳುಗಳನ್ನೂ ಸೇರಿಸಿ ಹೇಳಿದಳು.

"ಎಷ್ಟು ಉಳಿದಿವೆ?" ಎಂದ ಮಾವ.

"ಹದಿನೈದು."

"ಯಜಮಾನಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಮಾವ ಹೊದಿಕೆಯ ಅಂಚನ್ನು ಮಡಚಿ ಬಿಚ್ಚಿ ಮಾಡುತ್ತಾ ಕೂತ.

"ಮಾವ, ಅವತ್ತು ಬಿದ್ರಲ್ಲ, ಹೊಟ್ಟು ಊದಕ್ಕೆ ಎದ್ದಿದ್ರಾ?"

"ನೀನು ಏಳೋದ್ರೊಳಗೆ ಮುಗಿಸ್ಬೇಕಿತ್ತಲ್ಲಮ್ಮ."

"ನನಗ್ಯಾಕೆ ಹೇಳ್ಲಿಲ್ಲ? ಕಾಳಿನ ವಿಷಯ ಎಲ್ಲಾ ಹೇಳಿದ್ರಿ, ಇದೊಂದು ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಿದ್ದೆ." ಅವನು ಅವಳ ಮುಖ ನೋಡಲಿಲ್ಲ. "ಇನ್ನೂ ಊದ್ತಿದೀನಿ ಅಂತ ಗೊತ್ತಾದ್ರೆ ಬೇಜಾರ್ ಮಾಡ್ಕೋತೀಯೇನೋ ಅನ್ನಿಸ್ತು. ನಾಳೆ ಹೇಳಿದ್ರಾಯ್ತು, ನಾಳೆ ಹೇಳಿದ್ರಾಯ್ತು ಅಂತ ಬಿಟ್ಟೆ. ಹಳೇ ತಟ್ಟೆಗಳು ಅಗಲ ಇದಾವೆ, ಹೊಟ್ಟು ಅಷ್ಟೊಂದು ನಿಲ್ಲಲ್ಲ, ಹೇಗೋ ನಡೆಯತ್ತೆ ಅಂದ್ಕೊಂಡೆ."

ತಟ್ಟೆಗಳು ಅಟ್ಟದಲ್ಲಿವೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅವತ್ತು ಮಾವ ನಡೆಯಲೂ ಇಲ್ಲ.

ಮಾವ ಮನೆಗೆ ಬರಲು ಮತ್ತೆ ಹತ್ತು ದಿನ ಹಿಡಿಯಿತು. ಬಂದ ಮರುದಿನ ಸೊಸೆ ಅರ್ಧ ದಿನ ರಜೆ ಹಾಕಿದಳು. ಏಳು ಗಂಟೆಯ ಎಳೆ ಬಿಸಿಲಿಗೆ ಬಟ್ಟೆ ಒಗೆದು ತಂತಿಗೆ ಹರವಿದಳು. ಬಿಳಿ ಕೋಟನ್ನು ಎಲ್ಲಕ್ಕಿಂತ ಮುಂದೆ ಹಾಕಿದಳು. ಹಿತ್ತಿಲಲ್ಲಿ ಕುರ್ಚಿ ಹಾಕಿ ಮಾವನನ್ನು ಕೂರಿಸಿ, ಅಟ್ಟದಿಂದ ಇಳಿಸಿ ತೊಳೆದು ಮತ್ತೆ ಕಾಳಿಗಿಟ್ಟಿದ್ದ ತಗಡಿನ ತಟ್ಟೆಯನ್ನು ಹೊಟ್ಟಿನ ಸಮೇತ ಹಕ್ಕಿಮನೆಯಿಂದ ತೆಗೆದು ಅವನ ಕೈಗೆ ಕೊಟ್ಟಳು.

"ಊದಿ ಮಾವ."

ಮಾವ ತಟ್ಟೆಯನ್ನು ನೋಡಿದ. ತಂತಿಯ ಮೇಲಿನ ಕೋಟನ್ನು ನೋಡಿದ. ಹಕ್ಕಿಮನೆಯೊಳಗೆ ಹದಿನೈದೂ ಚಿಲಿಪಿಲಿ ಮಾಡುತ್ತಾ ಕಾಯುತ್ತಿದ್ದವು. ಅವನು ಒಂದು ಕೈಯಲ್ಲಿ ಕುರ್ಚಿಯ ತೋಳು ಹಿಡಿದು, ನೋವಿಗೆ ಹಲ್ಲು ಕಚ್ಚಿ, ಸ್ವಲ್ಪ ಸ್ವಲ್ಪವೇ ಸರಿದು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ. ಆಮೇಲೆ ತಟ್ಟೆಯನ್ನು ಬಾಯಿಯ ಹತ್ತಿರ ಹಿಡಿದು, ಬಿಸಿ ಹಾಲು ಆರಿಸುವವನಂತೆ, ಮೆಲ್ಲಗೆ ಊದಿದ. ಅರ್ಧ ಹೊಟ್ಟು ತಟ್ಟೆಯಲ್ಲೇ ಉಳಿಯಿತು.

"ಜೋರಾಗಿ ಊದಿ ಮಾವ. ಪರವಾಗಿಲ್ಲ."

"ಸಾಕು ಬಿಡಮ್ಮ" ಎಂದ ಮಾವ. "ಬಟ್ಟೆ ಒಣಗ್ತಿದೆ."